ಆಯಿಯ ಟೊಪ್ಪಿಗೆ

ಮಂಗಳವಾರ, ೧೮ ನವೆಂಬರ್. ಕಟಕೋಳ.

ನನ್ನ ರೊಟ್ಟಿ ಕೇಂದ್ರದ ಲೈಸೆನ್ಸಿನ ಚಿಂತೆ ಇವತ್ತಿಗೆ ಮುಗಿಯಿತು. ಹೊಸ ಕಾಯ್ದೆ ಪಾಸಾಗಿದೆಯಂತೆ. ನಮ್ಮಂಥ ಸಣ್ಣವರು ವರ್ಷಾವರ್ಷ ನವೀಕರಿಸಬೇಕಿಲ್ಲ, ತಪಾಸಣೆಗೂ ಯಾರೂ ಬರುವುದಿಲ್ಲ. ಅಬ್ಬಾ! ಹನ್ನೊಂದು ವರ್ಷ ತಪಾಸಣೆಯ ಆ ಒಂದು ದಿನಕ್ಕೆ ಹೆದರಿದ್ದೇನೆ. ಅದರಲ್ಲೂ ನಮ್ಮಲ್ಲಿ ರೊಟ್ಟಿ ಬಡಿಯುವ ಗುರುಬಸವ್ವ ಆಯಿಯ ಜಗಳ. ರೊಟ್ಟಿ ಬಡಿಯುವವರು ತಲೆಗೆ ಟೊಪ್ಪಿಗೆ ಹಾಕಲೇಬೇಕೆಂಬುದು ನಿಯಮ. ಎಪ್ಪತ್ತರ ಆಯಿ ಸೆರಗು ಬಿಗಿದು ಕೂತರೆ ಜಪ್ಪಯ್ಯ ಎಂದರೂ ಹಾಕುತ್ತಿರಲಿಲ್ಲ. ತಪಾಸಣೆಗೆ ಬಂದ ಸಾಹೇಬರಿಗೆ ನಾನೇ ಕೈಮುಗಿಯಬೇಕಿತ್ತು.

ಇವತ್ತು ಸುದ್ದಿ ಹೇಳಿ, ಟೊಪ್ಪಿಗೆಗಳನ್ನು ಟ್ರಂಕಿಗೆ ಹಾಕಲು ಹೋದೆ. ಆಯಿ ಒಂದನ್ನು ಕಸಿದು, ತಲೆಗೇರಿಸಿ, ರೊಟ್ಟಿ ಬಡಿಯಲು ಕೂತಳು.

“ಇದೇನ ಆಯಿ, ಈಗ್ಯಾಕ?”

“ಇದನ್ನ ಹಾಕ್ಕೊಂಡ್ರ ಕೂದಲಾ ಹಿಟ್ಟಿನ್ಯಾಗ ಬೀಳೂದಿಲ್ಲವಾ. ಯಾರೂ ನೋಡಾಕ ಬರೂದಿಲ್ಲ ಅಂದ ಮ್ಯಾಲ ನಾಚಿಕಿ ಯಾಕ?”