ಸುಣ್ಣ, ಸೋಡಾ, ಅರ್ಧ ಗಂಟೆ

26-11-2007, ಸೋಮವಾರ. ಬೆಳಿಗ್ಗೆ 6.30

ಸೇರಿರುವ ಸಮಸ್ತ ಸಭಿಕರೇ, ಕಿತ್ತಳೆ ಅಂಗಿಯ ಎರಡು ಮೀನುಗಳೇ, ಗಾಜು ನೆಕ್ಕುವ ಬಸವನಹುಳುವೇ, ಮುಂದಿನ ಸಾಲಿನಲ್ಲಿ ಕೈ ಬಿಚ್ಚಿ ಕುಳಿತ ಹವಳದಮ್ಮನೇ... ಇಷ್ಟಕ್ಕೇ ಮೀನೆರಡೂ ಕಲ್ಲಿನ ಹಿಂದೆ ಓಡಿದವು. ದನಿ ಜಾಸ್ತಿಯಾಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಗಂಟಲು. ಅದಕ್ಕೂ ಮುಂಚೆ ನಾಟಕದ ರಾಜಪಾರ್ಟಿನ ಗಂಟಲು. ಮೂರಡಿ ಗಾಜಿನ ಪೆಟ್ಟಿಗೆಗೆ ಹೆಚ್ಚು.

ಗಫಾರ್, ಮಜೀದಾ ಗಂಡಹೆಂಡತಿ ನಿನ್ನೆ ಹಜ್‌ಗೆ ಹೊರಟರು. ನಲವತ್ತು ದಿನ. ಮಗಳು ಮಿಸ್ಬಾ ಮಾಗಡಿಯಲ್ಲಿ, ಗಂಡನ ಮನೆ. ಹಾಗಾಗಿ ಬೀಗದ ಕೈ ನನಗೆ. ಈ ಉಪ್ಪುನೀರಿನ ಟ್ಯಾಂಕೂ ನನಗೆ. ಗಫಾರ್ ಜೆಡ್ಡಾದಲ್ಲಿ ಡ್ರೈವರಾಗಿದ್ದಾಗ ಹತ್ತಿದ ಹುಚ್ಚು. ಊರಿಗೆ ಬಂದು ರೇಷ್ಮೆ ನೂಲು ತೆಗೆಯುವ ಯೂನಿಟ್ ಹಾಕಿದ, ಹುಚ್ಚು ಬಿಡಲಿಲ್ಲ.

ಮೂರು ಕೊಂಬಿನ ಹವಳ ಮಜೀದಾ ಅವರದ್ದು. ಹೆಬ್ಬೆರಳಿನಷ್ಟಿತ್ತಂತೆ, ನಾಲ್ಕು ವರ್ಷದಲ್ಲಿ ಅಂಗೈಯಷ್ಟಾಗಿದೆ. ಕಲ್ಲಲ್ಲ, ಜೀವ; ಕೊಂಬಿನ ತುಂಬ ಬಿಚ್ಚಿ ಮುಚ್ಚುವ ಪುಟ್ಟ ಕೈಗಳು. ನೀರಿನೊಳಗಿನ ಸುಣ್ಣ ತಿಂದು ತನ್ನ ಮೂಳೆ ತಾನೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಎರಡು ಬಾಟಲಿ. ಒಂದರ ಮೇಲೆ ‘ಸುಣ್ಣ’ — ಕ್ಯಾಲ್ಸಿಯಂ. ಇನ್ನೊಂದರ ಮೇಲೆ ‘ಸೋಡಾ’ — ಆಲ್ಕಲಿನಿಟಿಗೆ, ಅಂದರೆ ನೀರಿನ ಕ್ಷಾರಗುಣಕ್ಕೆ. ದಿನಾ ಒಂದೊಂದು ಮುಚ್ಚಳ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು. ಒಟ್ಟಿಗೆ ಸುರಿದರೆ ಎರಡೂ ಹಾಳು. ನಡುವೆ ಅರ್ಧ ಗಂಟೆ ಬಿಡಬೇಕು. ಗಫಾರ್ ಮೂರು ಸಲ ಹೇಳಿದ.

ಮಜೀದಾ ಒಂದೇ ಸಲ ಹೇಳಿದರು: “ಹನುಮಣ್ಣಾ, ನಿಮ್ ಬಾಯಿ ದೊಡ್ಡದು. ಕೈ ಒಸಿ ಚಿಕ್ಕದಿರ್ಲಿ.”

29-11, ಗುರುವಾರ

ನನ್ನ ಹೆಂಡತಿ ಕಾವೇರಮ್ಮ ಇನ್ನೂ ಬೈಯುವುದು ನಿಲ್ಲಿಸಿಲ್ಲ.

ಹಜ್‌ಗೆ ಹೊರಡುವವರು ಮನೆಮನೆಗೆ ಹೋಗಿ, ಆಡಿದ್ದು ಮಾಡಿದ್ದಕ್ಕೆಲ್ಲ ಮಾಫಿ ಕೇಳುತ್ತಾರೆ. ಗಫಾರ್ ನಮ್ಮ ಮನೆಗೂ ಬಂದಿದ್ದ. “ಹನುಮಣ್ಣಾ, ಆವತ್ತು ಪರದೆ ಇಳಿಸಿದ್ಕೆ ಮಾಫ್ ಮಾಡ್ಬುಡು” ಎಂದ.

ಇಪ್ಪತ್ತೆರಡು ವರ್ಷದ ಹಿಂದಿನ ನಾಟಕ. ರಾಜಪಾರ್ಟು ನನ್ನದು, ಪರದೆಯ ಹಗ್ಗ ಅವನದು. ನನ್ನ ಮಾತಿನ ನಡುವೆ ಪರದೆ ಬಿತ್ತು. ಜನ ಅವನಿಗೆ ಬಾಯಿಗೆ ಬಂದಂತೆ ಬೈದರು. ಅಂದಿನಿಂದ ಸಿಕ್ಕವರಿಗೆಲ್ಲ ಆ ಕಥೆ ಹೇಳಿ ನಗಿಸಿದ್ದೇನೆ. ಮೊನ್ನೆಯೂ ನಗಿಸಿದೆ. ಎದೆ ಸೆಟೆಸಿ, “ಎಲವೋ ಪರದೆಗಳ್ಳ, ಮೊದಲು ಯಾತ್ರೆ ಮುಗಿಸಿ ಬಾ, ಆಮೇಲೆ ನಿನ್ನ ವಿಚಾರಣೆ” ಎಂದೆ. ಎಲ್ಲರೂ ನಕ್ಕರು. ಗಫಾರನೂ ನಕ್ಕ — ಸ್ವಲ್ಪ ತಡವಾಗಿ.

ಕಾವೇರಮ್ಮ ಎಲೆಗೆ ಸುಣ್ಣ ಸವರುತ್ತಾ: “ಮಾಫ್ ಅನ್ನಾಕೆ ಎಲ್ಡಕ್ಸರ. ನೀವು ಅಲ್ಲೂ ನಾಟ್ಕ ಆಡ್ಬುಟ್ರಿ.”

5-12, ಬುಧವಾರ

ಪರೀಕ್ಷೆ ಮಾಡಿದೆ. ಗಾಜಿನ ಕೊಳವೆಯಲ್ಲಿ ಟ್ಯಾಂಕಿನ ನೀರು, ಅದಕ್ಕೆ ಔಷಧಿಯ ಹನಿ. ಬಣ್ಣ ತಿರುಗುವವರೆಗೆ ಎಣಿಸಬೇಕು; ಹನಿ ಹೆಚ್ಚಾದಷ್ಟೂ ನೀರಿನಲ್ಲಿ ಅಂಶ ಹೆಚ್ಚು. ಸೋಡಾ ಎಂಟು ಹನಿ. ಸುಣ್ಣ ಇಪ್ಪತ್ತೊಂದು. ಭೇಷ್.

ವಿರೂಪಾಕ್ಷಿಪುರದ ನಾಟಕದ ದಾಸಪ್ಪ ಬೈಕು ತಂದು ನಿಂತಿದ್ದಾನೆ. ಅವರ ರಾಜಪಾರ್ಟಿನವನಿಗೆ ಜ್ವರವಂತೆ. “ಬಾರಣ್ಣೋ. ಮೀನ್ಗೇನು ನಿನ್ ಡೈಲಾಗು ಅರ್ಥ ಆಯ್ತದಾ?”

ಒಂದೇ ದಿನ. ಹೋಗಿಬರುತ್ತೇನೆ.

9-12, ಭಾನುವಾರ. ಬೆಳಿಗ್ಗೆ 8

ಒಂದು ದಿನ ನಾಲ್ಕಾಯಿತು. ಹಾರ, ಚಪ್ಪಾಳೆ, ಇನ್ನೊಂದು ಊರು.

ಸೋಡಾ ಐದೇ ಹನಿ. ಎರಡೂ ಕೈಯಲ್ಲಿ ಎರಡೂ ಬಾಟಲಿ ಹಿಡಿದೆ, ಅರ್ಧರ್ಧ ಸುರಿದೆ. ಒಟ್ಟಿಗೆ.

ಟ್ಯಾಂಕು ಹಾಲಾಯಿತು. ಮೀನು ಕಾಣಿಸುತ್ತಿಲ್ಲ. ಹವಳ ಕಾಣಿಸುತ್ತಿಲ್ಲ.

ಅದೇ ದಿನ, 10 ಗಂಟೆ

ಚೊಂಬಿನಲ್ಲಿ ಮೊಗೆಯಲು ಹೋದೆ. ಕಾವೇರಮ್ಮ ಕೈ ಹಿಡಿದಳು. “ಮುಟ್ಬ್ಯಾಡಿ. ಸುಣ್ಣ ಕಲಕಿದ್ರೆ ಹಾಲು, ಬುಟ್ರೆ ತಿಳಿ. ಸುಮ್ಕೆ ಕೂತ್ಕಳಿ.”

ಕೂತಿದ್ದೇನೆ.

10-12

ತಿಳಿಯಾಗಿದೆ. ಮರಳಿನ ಮೇಲೆ ಬಿಳಿ ಪುಡಿ. ಮೀನೆರಡೂ ಬದುಕಿವೆ. ಟ್ಯಾಂಕಿನ ನೀರು ತಿರುಗಿಸುವ ಪಂಪು ಸುಣ್ಣಗಟ್ಟಿ ನಿಂತಿತ್ತು, ವಿನೆಗರಿನಲ್ಲಿ ನೆನೆಹಾಕಿದ ಮೇಲೆ ತಿರುಗಿತು. ಅಷ್ಟು ಸುರಿದರೂ ಸುಣ್ಣ ಹದಿನೈದಕ್ಕೆ, ಸೋಡಾ ನಾಲ್ಕಕ್ಕೆ ಇಳಿದಿದೆ. ಒಂದನ್ನೊಂದು ತಬ್ಬಿಕೊಂಡು ಪುಡಿಯಾಗಿ ಕೆಳಗೆ ಬಿದ್ದಿವೆ.

ಹವಳ ಕೈ ಮುಚ್ಚಿಕೊಂಡಿದೆ.

13-12

ಮೆಡಿಕಲ್ ಶಾಪಿನಲ್ಲಿ ಗ್ಲೂಕೋಸ್ ಏರಿಸುವ ಪೈಪು ಕೇಳಿದೆ. ಅಂಗಡಿಯ ಲಕ್ಷ್ಮಯ್ಯ, “ಯಾರ್ಗಣ್ಣ ಉಸಾರಿಲ್ಲ?” ಎಂದ.

“ಸಮುದ್ರಕ್ಕೆ ಕಣಪ್ಪ.”

ಬೆಳಿಗ್ಗೆ ಸುಣ್ಣ, ಹನಿಹನಿಯಾಗಿ. ಅದು ಮುಗಿದ ಮೇಲೆ ಅರ್ಧ ಗಂಟೆ. ಆಮೇಲೆ ಸೋಡಾ, ಹನಿಹನಿಯಾಗಿ. ಆ ಅರ್ಧ ಗಂಟೆ ಮಾತಾಡುವಂತಿಲ್ಲ, ಮೀನು ಹೆದರುತ್ತವೆ. ಸುಮ್ಮನೆ ಕೂತರೆ ಬೇಡದ್ದೆಲ್ಲ ನೆನಪಾಗುತ್ತದೆ.

16-12, ಭಾನುವಾರ

ಬರೆದುಬಿಡುತ್ತೇನೆ. ಪರದೆ ಇಳಿಯುವ ಮುಂಚೆಯೇ ನನ್ನ ಮಾತು ನಿಂತಿತ್ತು. ಮರೆತುಹೋಗಿತ್ತು. ಕತ್ತಿ ಎತ್ತಿ, ಬಾಯಿ ತೆರೆದು ನಿಂತಿದ್ದೆ. ಜನ ಅದನ್ನು ಗತ್ತು ಎಂದುಕೊಂಡರು. ಪಕ್ಕದಲ್ಲಿ ಹಗ್ಗ ಹಿಡಿದಿದ್ದವನಿಗೆ ಮಾತ್ರ ನನ್ನ ಕಣ್ಣು ಕಂಡಿತು. ಇಳಿಸಿದ. ಬೈಗುಳ ತಿಂದ. ಇವತ್ತಿನವರೆಗೆ ಒಬ್ಬರಿಗೂ ಹೇಳಲಿಲ್ಲ.

ಅಂಥವನು ಬಂದು ನನ್ನ ಹತ್ತಿರ ಮಾಫಿ ಕೇಳಿದ.

22-12

ಮೆಕ್ಕಾದಿಂದ ಫೋನು.

“ಹನುಮಣ್ಣಾ, ಮಜೀದಾ ಕೇಳ್ತಾವ್ಳೆ. ಹವಳ ಹೆಂಗೈತೆ?”

“ಐತೆ.”

“ಬರೀ ಐತೆ? ನಿನ್ ಬಾಯಿಂದ ಒಂದೇ ಮಾತಾ? ಉಸಾರಾಗಿದ್ದೀಯ ತಾನೆ?” ಆಮೇಲೆ ತಗ್ಗಿದ ದನಿಯಲ್ಲಿ, “ದುವಾ ಮಾಡೋವಾಗ ನಿನ್ ಹೆಸ್ರೂ ತಗೊಂಡೆ ಕಣಣ್ಣ. ನೀನು ಮಾಫ್ ಅನ್ಲಿಲ್ವಲ್ಲ... ಅದೊಂದು ಗಂಟ್ಲಾಗೇ ಉಳ್ಕಂಡೈತೆ.”

ಹೇಳಬೇಕೆಂದುಕೊಂಡೆ. ಲೈನು ಕಟ್ಟಾಯಿತು.

ಇಲ್ಲ. ಇಲ್ಲಿಯೂ ಸುಳ್ಳೇಕೆ. ನಾನೇ ಇಟ್ಟೆ.

31-12

ಸೋಡಾ ಏಳು. ಸುಣ್ಣ ಹತ್ತೊಂಬತ್ತು. ಎರಡು ಕೊಂಬು ಬೆಳ್ಳಗಾಗಿ ಸತ್ತಿವೆ. ಮೂರನೆಯದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೈ ಬಿಚ್ಚಿದೆ. ಕಾವೇರಮ್ಮನನ್ನು ಕರೆದು ತೋರಿಸಿದೆ. ಅವಳು ಗಾಜಿಗೆ ಮೂಗು ತಾಗಿಸಿ ಬಗ್ಗಿ ನೋಡಿದಳು. ಮೀನು ಓಡಲಿಲ್ಲ.

3-1-2008, ಗುರುವಾರ. ಸಂಜೆ 6

ಮಿಸ್ಬಾ ಫೋನು ಮಾಡಿದ್ದಳು. ನಾಳೆ ಬೆಳಿಗ್ಗೆ ಎಂಟಕ್ಕೆ ಮನೆ ಸೇರುತ್ತಾರೆ. ಸೋಡಾ ಎಂಟು, ಸುಣ್ಣ ಇಪ್ಪತ್ತು. ಮೂರನೆಯ ಕೊಂಬು ಪೂರ್ತಿ ಬಿಚ್ಚಿದೆ.

ಕಾವೇರಮ್ಮನಿಗೆ ಎಲ್ಲ ಹೇಳಿದೆ, ಪರದೆಯದ್ದೂ.

“ಎಲ್ಡೂ ಹೇಳ್ತೀರಾ ಅವ್ರಿಗೆ?”

“ಹೇಳ್ತೀನಿ. ಒಟ್ಗೆ ಅಲ್ಲ. ಮಧ್ಯೆ ಅರ್ಧ ಗಂಟೆ ಬುಡ್ತೀನಿ.”

“ಮಜೀದಮ್ಮ ಬಂದ್ ತಕ್ಷಣ ಟ್ಯಾಂಕ್‌ತಾವ್ಕೆ ಓಡ್ತಾರೆ. ಅರ್ಧ ಗಂಟೆ ಯಾರು ಕೊಡ್ತಾರೆ ನಿಮ್ಗೆ?”

“ನೀನು ಬಾಗ್ಲಲ್ಲೇ ಎಲೆ ಅಡಿಕೆ ಕೊಟ್ಟು ಕೂರಿಸ್ಕೊ.”

“ಓ... ಈ ಸಲ ಪರದೆ ಹಗ್ಗ ನನ್ ಕೈಗೆ” ಎಂದಳು.

ನಾಳೆ ಬೆಳಿಗ್ಗೆ ಆರಕ್ಕೇ ಹೋಗಿ ಬಾಗಿಲು ತೆರೆಯುತ್ತೇನೆ. ಟ್ಯಾಂಕಿನ ದೀಪ ಹಾಕುತ್ತೇನೆ. ಗಫಾರ್ ಒಳಗೆ ಬಂದ ಕೂಡಲೇ ಕೈ ಹಿಡಿದು ಮೊದಲು ಪರದೆಯ ಮಾತು. ಅರ್ಧ ಗಂಟೆ ಬಿಟ್ಟು, ಮಜೀದಾ ಅವರಿಗೆ ಸತ್ತ ಎರಡು ಕೊಂಬಿನ ಮಾತು. ಎರಡೂ ಸಣ್ಣ ದನಿಯಲ್ಲಿ. ಮತ್ತೆ ಮರೆಯಬಾರದೆಂದು ಇಲ್ಲೇ ಬರೆದುಕೊಂಡು ಬಾಯಿಪಾಠ ಮಾಡುತ್ತೇನೆ — ಗಫಾರ್, ಆವತ್ತು ಮಾತು ಮರೆತಿದ್ದು...