ಅರ್ಜಿಯ ಕೊನೆಯ ಸಾಲು

ಗಂಡಸಿ
14 ಜೂನ್ 2024

ನನ್ನ ಮುದ್ದಿನ ಅಮ್ಮನಿಗೆ,

ಕಾಲಿಗೆ ಬಿದ್ದೆ ಅಂದುಕೋ, ಮಿಕ್ಕ ಕ್ಷೇಮಸಮಾಚಾರ ಆಮೇಲೆ. ಗೆದ್ದೆವು ಕಣಮ್ಮ! ಅಲ್ಲಲ್ಲ, ಸರಿಯಾಗಿ ಹೇಳಬೇಕೆಂದರೆ ಹುಚ್ಚಮ್ಮ ಗೆದ್ದಳು, ನಾನು ಸೋತೆ. ಫೋನಿನಲ್ಲಿ ನಿನ್ನ ಕಿವಿಗೆ ಬೀಳುವ ಹಾಗೆ ಕೂಗಿದರೆ ಇಡೀ ಪಂಚಾಯ್ತಿ ಆಫೀಸಿಗೇ ಕೇಳಿಸುತ್ತದೆ, ಅದಕ್ಕೇ ಈ ಕಾಗದ.

ಹುಚ್ಚಮ್ಮನನ್ನು ಗಂಡ ಬಿಟ್ಟುಹೋಗಿ ಹನ್ನೆರಡು ವರ್ಷ. ಕೆರೆ ಹೂಳೆತ್ತುವ ನರೇಗಾ ಕೆಲಸ ಕೇಳಿಕೊಂಡು ಮೂರು ಸಲ ಬಂದಳು. ನಮ್ಮ ಪಂಚಾಯ್ತಿಯ ಅರ್ಜಿಯ ಕೊನೆಯಲ್ಲಿ ‘ಪತಿಯ ಒಪ್ಪಿಗೆ ಸಹಿ’ ಅಂತ ಒಂದು ಸಾಲು. ಅದು ಖಾಲಿ ಇದ್ದರೆ ಅರ್ಜಿ ವಾಪಸ್. ಮೂರು ಸಲವೂ ವಾಪಸ್ ಕಳಿಸಿದ ಪಿಡಿಒ ನಿನ್ನ ಮಗಳೇ. ಮೂರನೆಯ ಸಲ ಅವಳು, “ಅವ್ನು ಎಲ್ಲವ್ನೆ ಅಂತ ನಂಗೇ ಗೊತ್ತಿಲ್ಲ ಕಣವ್ವ, ಸಹಿ ಎಲ್ಲಿಂದ ತರ್ಲಿ?” ಅಂದಳು. ನಾಚಿಕೆಯಿಂದ ಸತ್ತೇಹೋದೆ.

ಆ ಸಾಲು ತೆಗೆಯೋಣ ಅಂದರೆ ಅಧ್ಯಕ್ಷ ಜಯದೇವಪ್ಪನವರು, “ಮೊದ್ಲಿಂದ ನಡ್ಕೊಂಡ್ ಬಂದೈತೆ ಮೇಡಂ, ನಿಮಗ್ಯಾಕೆ ಇಲ್ಲದ ಉಸಾಬರಿ?” ಅಂತ ಬಾಯಿ ಮುಚ್ಚಿಸಿದರು.

ಆಮೇಲೆ ಹುಚ್ಚಮ್ಮನ ದೂರು ಜಿಲ್ಲೆಯ ಓಂಬುಡ್ಸ್‌ಮನ್‌ಗೆ ಹೋಯಿತು. ನರೇಗಾ ದೂರು ಕೇಳುವುದಕ್ಕೆಂದೇ ಇರುವವರು ಅವರು, ಹೆಸರು ಇಂದುಧರ. ಹೋದ ವಾರ ನಮ್ಮ ಸಭಾಂಗಣದಲ್ಲೇ ವಿಚಾರಣೆ. ಈ ಸಾಲು ಯಾವ ಆದೇಶದಲ್ಲಿದೆ, ತೋರಿಸಿ ಅಂದರು, ಅಷ್ಟೇ. ಬೀರುವೆಲ್ಲ ಜಾಲಾಡಿದೆವು. ಆದೇಶವೂ ಇಲ್ಲ, ಮಣ್ಣೂ ಇಲ್ಲ! ಯಾವನೋ ಪುಣ್ಯಾತ್ಮ ಎಂದೋ ಟೈಪ್ ಮಾಡಿದ ಹಾಳೆಯನ್ನೇ ಕಾನೂನು ಅಂತ ನಂಬಿ ವರ್ಷಗಟ್ಟಲೆ ಜೆರಾಕ್ಸ್ ಮಾಡಿಸಿದ್ದೇವೆ. ಅಧ್ಯಕ್ಷರ ಮುಖ ನೀನು ನೋಡಬೇಕಿತ್ತು.

ಇಂದುಧರ ಅವರು ಯಾರನ್ನೂ ಗದರಲಿಲ್ಲ. ಹುಚ್ಚಮ್ಮನಿಗೆ ಕೆಲಸ ಕೊಡಿ, ಆ ಸಾಲು ಕಿತ್ತುಹಾಕಿ ಅಂತ ಬರೆದರು. ನನ್ನ ಹೆಸರು ಹಾಕಿ ‘ಎಚ್ಚರಿಕೆ ನೀಡಲಾಗಿದೆ’ ಅಂತಲೂ ಬರೆದರು. ನೀನು ಅದಕ್ಕೆ ಕಣ್ಣೀರು ಹಾಕಬೇಡ, ಕೇಳು: ಇವತ್ತು ತಾಲ್ಲೂಕಿನಿಂದ ಸುತ್ತೋಲೆ ಬಂತು. ಯಾವ ಪಂಚಾಯ್ತಿಯೂ ಹೆಂಗಸರನ್ನು ಗಂಡನ ಸಹಿ ಕೇಳಕೂಡದಂತೆ! ಒಬ್ಬಳ ದೂರಿಗೆ ಇಡೀ ತಾಲ್ಲೂಕೇ ಬದಲಾಯಿತಲ್ಲಮ್ಮ. ಹುಚ್ಚಮ್ಮ ಇನ್ನೂ ಆರು ಹೆಂಗಸರನ್ನು ಕಟ್ಟಿಕೊಂಡು ಗುದ್ದಲಿ ಹಿಡಿದು ಕೆರೆಗೆ ಹೋದಳು. ನನಗೆ ಖುಷಿಗೆ ಊಟವೇ ಸೇರಲಿಲ್ಲ.

ಎಚ್ಚರಿಕೆ ಪಡೆದ ನಿನ್ನ ಮಗಳು,
ಮೇಘಶ್ರೀ

ತಾ.ಕ.: ಓದಿದ ಮೇಲೆ ಈ ಕಾಗದ ಒಲೆಗೆ ಹಾಕು. ಹುಚ್ಚಮ್ಮನಿಗೆ ಬರೆಯಲು ಬಾರದು. ನನ್ನ ಮೇಲಿನ ಆ ದೂರು ಬರೆದುಕೊಟ್ಟವಳು ನಾನೇ. ವಿಚಾರಣೆ ಮುಗಿಸಿ ಹೊರಟಾಗ ಇಂದುಧರ ಅವರು ದೂರಿನ ಹಾಳೆಯನ್ನೂ ಅದಕ್ಕೆ ಪಿಡಿಒ ಆಗಿ ನಾನು ಬರೆದುಕೊಟ್ಟ ಉತ್ತರವನ್ನೂ ಪಕ್ಕಪಕ್ಕ ಹಿಡಿದು ನೋಡಿ, “ಅಕ್ಷರ ದುಂಡಗಿದೆ ಮೇಡಂ, ಎರಡರಲ್ಲೂ” ಅಂದು ಕಾರು ಹತ್ತಿದರು.