ಬೇಳೆಗೊಂದು ದೀರ್ಘ

ಅಲ್ಲಾಳಸಂದ್ರ
18-9-1979

ಚಿರಂಜೀವಿ ಸಂಗಪ್ಪನಿಗೆ,

"ರಜೆಗೆ ಊರಿಗೆ ಬಂದಿರುವ ಕಾಡಪ್ಪನ ಕೈಲಿ ತೊಗರಿ ಬೆಳೆ ಕಳಿಸು" ಎಂದು ಬರೆದಿದ್ದೀಯಲ್ಲ, ಹೊಲವನ್ನೇ ಕಿತ್ತು ರೈಲಿಗೆ ಹಾಕಲೇನು? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಬೇಳೆಗೆ ದೀರ್ಘ ಹಾಕುತ್ತೇನೆ. ಭಿಲಾಯಿಯಲ್ಲಿ ಸೂಪರ್‌ವೈಸರ್ ಆದವನಿಗೆ ಅಷ್ಟರಲ್ಲೇ ಕೈ ಸೋತಿತೇ? ಇರಲಿ, ಕೆಮ್ಮು ಹೇಗಿದೆ? ಬಿಸಿನೀರು ಕುಡಿ. ಸೊಸೆಯ ಕಾಲುನೋವು ಕಡಿಮೆಯಾಯಿತೇ? ನನ್ನ ಮಂಡಿ ಅದರ ಪಾಡಿಗೆ ಗೊಣಗುತ್ತದೆ, ನಾನು ನನ್ನ ಪಾಡಿಗೆ.

ಇಂಗ್ಲಿಷ್ ನಿನ್ನ ಮಗಳ ಬಾಯಿಗೆ ಹತ್ತುವುದಿಲ್ಲ, ಟೀಚರ್ ಕೆಲಸ ಬಿಡಿಸಿ "ಹೆಣ್ಣು ಕೇಳಿರುವ ದಾಸರಹಳ್ಳಿಯವರಿಗೆ ಕೊಡು" ಎಂದೂ ಬರೆದಿದ್ದೀಯ. ಕೇಳು. ಹೋದ ತಿಂಗಳು ನೀಲಾಂಬಿಕೆ ಯಲಹಂಕದ ಶಾಲೆಯಲ್ಲಿ ಮಕ್ಕಳಿಗೆ, ನಾಳೆ ಟೇಸ್ಟ್ ಇದೆ ಅಂದಳಂತೆ. ಪರೀಕ್ಷೆಗೆ ಟೆಸ್ಟ್ ಅನ್ನಬೇಕು, ಟೇಸ್ಟ್ ಅಂದರೆ ರುಚಿ. ಮಾರನೆಯ ದಿನ ದಸ್ತಗೀರ್ ಸಾಬರ ಮಗಳು ಮಲ್ಕಾ ಚಿತ್ರಾನ್ನದ ಡಬ್ಬಿ, ಚಮಚ ಹಿಡಿದು ಬಂದು, "ಮಿಸ್, ಅಮ್ಮಿ ಉಪ್ಪು ಕಮ್ಮಿ ಹಾಕವ್ರೆ, ಬೈಬೇಡಿ" ಅಂದಳು. ಹೆಡ್‌ಮಾಸ್ಟರ್ ಮಹಾಲಿಂಗಪ್ಪನವರು ಮಾತ್ರ ನಗಲಿಲ್ಲ. ತಿದ್ದಿಕೊಳ್ಳದಿದ್ದರೆ ದಸರಾ ರಜೆ ಕಳೆದ ಮೇಲೆ ಬರುವುದು ಬೇಡ ಅಂದರು.

ಮನೆಗೆ ಬಂದು ಅಳುತ್ತ ಕೂತ ನೀಲಾಂಬಿಕೆಯ ಕೈಗೆ ನಿನ್ನ ಕಾಗದ ಕೊಟ್ಟೆ. ತೊಗರಿ ಬೆಳೆ ಓದಿ ಕಿಸಕ್ಕನೆ ನಕ್ಕಳು. "ಅಪ್ಪಂದೂ ನಂದೂ ಒಂದೇ ತಪ್ಪು ಕಣಜ್ಜಿ, ದೀರ್ಘದ್ದು" ಅಂದಳು. ಮರುದಿನ ಬೋರ್ಡಿನ ಮೇಲೆ ಬೆಳೆ, ಬೇಳೆ ಎಂದು ಎರಡು ಸಾಲು ಬರೆದಳು: ಬೆಳೆಯ ಕೆಳಗೆ ಟೆಸ್ಟ್, ಪೆಪ್ಪರ್, ಗೆಟ್. ಬೇಳೆಯ ಕೆಳಗೆ ಟೇಸ್ಟ್, ಪೇಪರ್, ಗೇಟ್. ಬೆಳೆಯ ಜಾತಿಯದಕ್ಕೆ ಮಕ್ಕಳು ಚಿಟಿಕೆ ಹೊಡೆಯಬೇಕು, ಬೇಳೆಯ ಜಾತಿಯದಕ್ಕೆ ಕೈ ಚಾಚಬೇಕು. ಶುಕ್ರವಾರ ಹೆಡ್‌ಮಾಸ್ಟರ್ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರು. ಬುತ್ತಿ ಕೊಡುವ ನೆಪದಲ್ಲಿ ನಾನೂ ಕಿಟಕಿಯ ಹತ್ತಿರ ನಿಂತಿದ್ದೆ. ಒಂದು ಕೈಯೂ ತಪ್ಪಲಿಲ್ಲ ಕಣಪ್ಪ. ಕೊನೆಗೆ ಮಲ್ಕಾ ಎದ್ದು, "ಅಮ್ಮೀಸ್ ರೈಸ್ ಗುಡ್ ಟೇಸ್ಟ್, ಟುಮಾರೋ ನೋ ಟೆಸ್ಟ್ ಪ್ಲೀಸ್" ಅಂದಾಗ ಆ ಮನುಷ್ಯನೂ ನಕ್ಕುಬಿಟ್ಟರು. ಏಳನೇ ಕ್ಲಾಸಿನ ಇಂಗ್ಲಿಷೂ ಇವಳಿಗೇ ಕೊಟ್ಟಿದ್ದಾರೆ. ಬರುವಾಗ ಕೆರೆ ದಾರಿಯಲ್ಲಿ ಸಿಕ್ಕವರಿಗೆಲ್ಲ, ಕೇಳದವರಿಗೂ, ಹೇಳಿಕೊಂಡೇ ಬಂದೆ.

ಇಬ್ಬರಿಗೂ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಇರಲಿ.

ನಿನ್ನ ಅವ್ವ,
ದಾನವ್ವ

ಮರೆತಿದ್ದೆ: ದಾಸರಹಳ್ಳಿಯವರು ಭಾನುವಾರ ಬಂದಿದ್ದರು. ನೀನು ದೀರ್ಘ ನುಂಗುವವನಲ್ಲವೇ, ನಿನ್ನ "ಕೊಡು" ಅನ್ನುವುದನ್ನು ನಾನು "ಕೋಡು" ಎಂದೇ ಓದಿಕೊಂಡೆ. ಹುಡುಗಿಗೆ ಈಗಷ್ಟೇ ಕೋಡು ಮೂಡಿದೆ, ಸದ್ಯಕ್ಕೆ ಈ ಕಡೆ ಬರಬೇಡಿ ಎಂದು ಕಾಫಿ ಕೊಟ್ಟು ಕಳಿಸಿದೆ. ಬೇಳೆ ಕಾಡಪ್ಪನ ಕೈಲಿದೆ. ಮುಂದಿನ ತಿಂಗಳು ಹುಟ್ಟುವ ಮೊದಲೇ ಉತ್ತರ ಬರೆ, ನನಗಲ್ಲ, ನೀಲಾಂಬಿಕೆಗೆ. ಅವಳ ಹೆಸರಿಗೂ ದೀರ್ಘವಿದೆ, ನುಂಗಬೇಡ.